ಬಳಿದ ನೆರಳು

28 ಮಿಲಿಮೀಟರ್ ಎತ್ತರದ ಸೈನಿಕನ ಗೊಂಬೆಗೆ ಮೊದಲು ಕಪ್ಪು ಪ್ರೈಮರ್ ಸಿಂಪಡಿಸುತ್ತಾರೆ. ಇಲ್ಲದಿದ್ದರೆ ಪ್ಲಾಸ್ಟಿಕ್ಕಿಗೆ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ಆಮೇಲೆ ನೆತ್ತಿಯ ಕಡೆಯಿಂದ ಮಾತ್ರ ಬಿಳಿ. ಹವ್ಯಾಸಿಗಳು ಇದನ್ನು ಜೆನಿಥಲ್ ಪ್ರೈಮಿಂಗ್ ಎನ್ನುತ್ತಾರೆ. ಭುಜ, ಮೂಗು ಬೆಳಗುತ್ತವೆ. ಕಂಕುಳು, ಗದ್ದದ ಅಡಿ ಕಪ್ಪಾಗಿಯೇ ಉಳಿಯುತ್ತವೆ. ಮೇಲೆ ತೆಳ್ಳಗೆ ಹಚ್ಚಿದ ಬಣ್ಣದೊಳಗಿಂದಲೂ ಆ ನೆರಳು ಕಾಣುತ್ತದೆ. ದೀಪ ಎಲ್ಲಿಟ್ಟರೂ ಕದಲುವುದಿಲ್ಲ.

ಇದು ಮೋಸವೇ? ಅಷ್ಟು ಚಿಕ್ಕ ಅಂಗಿಯ ಮಡಿಕೆಯಲ್ಲಿ ನಿಜವಾದ ನೆರಳು ಕಣ್ಣಿಗೆ ಸಾಲುವಷ್ಟು ಬೀಳುವುದಿಲ್ಲ. ಒಂದೇ ಬಣ್ಣ ಬಳಿದರೆ ಮನುಷ್ಯ ಮುದ್ದೆಯಾಗಿಬಿಡುತ್ತಾನೆ. ಹಾಗಾಗಿ ಮೋಸವೆನ್ನಲಾರೆ. ನನ್ನ ಅಳುಕು ಬೇರೆ. ಒಬ್ಬರ ಇಡೀ ಬದುಕನ್ನು ಮಹಾಪ್ರಬಂಧದ ಎರಡು ಪುಟಕ್ಕೆ ಇಳಿಸುವಾಗ ಸಂಶೋಧಕರಾದ ನಾವೂ ಬೆಳಕಿನ ದಿಕ್ಕನ್ನು ಮೊದಲೇ ಗೊತ್ತುಮಾಡಿಕೊಂಡಿರುತ್ತೇವೆ. ಗೊಂಬೆಯನ್ನಾದರೆ ಕೈಗೆತ್ತಿಕೊಂಡು ತಿರುಗಿಸಿ ನೋಡಬಹುದು, ಕಂಕುಳ ಕಪ್ಪು ಪ್ರೈಮರಿನದೆಂದು ತಿಳಿಯುತ್ತದೆ. ಆ ಎರಡು ಪುಟ ಓದಿದವರಿಗೆ ಅಲ್ಲಿನ ಕಪ್ಪು ಆ ಮನುಷ್ಯನದೋ ನಮ್ಮದೋ ಹೇಗೆ ತಿಳಿಯಬೇಕು?