ಕಾರಣ ಬೇರೆ, ಅಪರಾಧ ಬೇರೆ

ಮನೆಯಲ್ಲಿ ಯಾರಿಗಾದರೂ ಅರೆತಲೆನೋವು ಬಂದರೆ ನಾವು ಮೊದಲು ಕೇಳುವುದು, "ಏನು ತಿಂದೆ?" ಎಂದು. ಪ್ರಶ್ನೆಯಲ್ಲಿ ತಪ್ಪಿಲ್ಲ. ಆದರೆ ಅದು ಬೇಗನೆ ತೀರ್ಪಾಗಿಬಿಡುತ್ತದೆ: "ಬಾಯಿಚಪಲ, ಅನುಭವಿಸು." ತಪಸ್ಸುಕಾಲ ಬಂದರೆ ಮಾತು ತಿರುಗುತ್ತದೆ: "ಒಂದು ದಿನ ಉಪವಾಸವಿರಲು ತಲೆನೋವಿನ ನೆಪವೇ?" ಹೀಗೆ ತಿಂದರೂ ಅಪರಾಧಿ, ತಿನ್ನದಿದ್ದರೂ ಅಪರಾಧಿ. ನೋವಿಗೆ ಕಾರಣವಾದದ್ದೆಲ್ಲ ನೋಯುವವರ ತಪ್ಪೇ?

ಮೈಗ್ರೇನ್ ಎಂಬ ಈ ಕಾಯಿಲೆ ಮಿದುಳು ಮತ್ತು ನರಗಳಿಗೆ ಸಂಬಂಧಿಸಿದ್ದು. ಅನೇಕರಿಗೆ ವಂಶದಿಂದಲೇ ಬರುತ್ತದೆ. ಬೆಂಗಳೂರು ಮತ್ತು ಅದರ ಸುತ್ತಲಿನ ಹಳ್ಳಿಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, 18ರಿಂದ 65 ವಯಸ್ಸಿನವರ ಪೈಕಿ ನಾಲ್ವರಲ್ಲಿ ಒಬ್ಬರಿಗೆ ಇದು ಕಂಡುಬಂದಿತ್ತು, ಹೆಂಗಸರಲ್ಲಿ ಹೆಚ್ಚು. ನಿದ್ದೆಗೇಡು, ಬಿಸಿಲು, ಮದ್ಯ, ಅತಿಯಾದ ಕಾಫಿ, ಕುಡಿಯುತ್ತಿದ್ದ ಕಾಫಿಯನ್ನು ಥಟ್ಟನೆ ಬಿಡುವುದು, ಇವೆಲ್ಲ ನೋವನ್ನು ಕೆರಳಿಸಬಹುದು. ಹೊತ್ತಿಗೆ ಸರಿಯಾಗಿ ಉಣ್ಣದಿರುವುದೂ ಮುಖ್ಯ ಕಾರಣಗಳಲ್ಲೊಂದು. ಇನ್ನೊಂದು ಸಂಗತಿ ಗಮನಿಸಿ: ನೋವು ತೋರುವ ಮೊದಲೇ ಕೆಲವರಿಗೆ ಸಿಹಿ ತಿನ್ನುವ ಆಸೆ ಹುಟ್ಟುತ್ತದೆ. ಅದು ಆಗಲೇ ಶುರುವಾದ ಕಾಯಿಲೆಯ ಲಕ್ಷಣ. ನಾವು ಮಾತ್ರ ತಿಂದ ಚಾಕಲೇಟನ್ನೇ ದೂರುತ್ತೇವೆ. ಕಾಗೆ ಕೂತಿತು, ಕೊಂಬೆ ಮುರಿಯಿತು ಎಂಬಂತೆ!

ನಿಜವಾದ ಕಾರಣ ತಿಳಿದರೂ ಅಪರಾಧ ಸಿದ್ಧವಾಗುವುದಿಲ್ಲ. ತಿಳುವಳಿಕೆ ಮತ್ತು ಮನಸ್ಸಿನ ಸ್ವತಂತ್ರ ಒಪ್ಪಿಗೆ ಇಲ್ಲದೆ ಗಂಭೀರ ಪಾಪವಿಲ್ಲವೆಂದು ಧರ್ಮಸಭೆ ಕಲಿಸುತ್ತದೆ. ಗುಂಡ್ಲುಪೇಟೆಯ ಹೊಲದಲ್ಲಿ ಬಿಸಿಲಿಗೆ ಬೆನ್ನೊಡ್ಡಿ ಅರಿಶಿನ ಕೀಳುವ ಹೆಂಗಸು ಊಟದ ಹೊತ್ತು ಮೀರಿಸುವುದು ಸ್ವಂತ ಇಚ್ಛೆಯಿಂದಲೇ? ಹುಟ್ಟುಕುರುಡನನ್ನು ಕಂಡ ಶಿಷ್ಯರು, ಪಾಪ ಮಾಡಿದವನು ಇವನೋ ಇವನ ತಂದೆತಾಯಿಯೋ ಎಂದು ಕೇಳಿದಾಗ, ಪ್ರಭು ಯೇಸು ಎರಡನ್ನೂ ಅಲ್ಲಗಳೆದರು. ಆ ಪ್ರಶ್ನೆಯನ್ನೇ ನಾವು ಇಂದಿಗೂ ನಮ್ಮ ಅಡುಗೆಮನೆಗಳಲ್ಲಿ ಕೇಳುತ್ತಿದ್ದೇವೆ.

ಉಪವಾಸದ ನಿಯಮವೂ ನಾವು ಎಣಿಸುವಷ್ಟು ಕಠಿಣವಲ್ಲ. ಉಪವಾಸ ಕಡ್ಡಾಯವಾಗಿರುವುದು ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ, ಎರಡೇ ದಿನ. ಅದೂ 18 ತುಂಬಿದವರಿಂದ 59 ತುಂಬುವವರೆಗಿನವರಿಗೆ. ಅಂದು ಒಂದು ಪೂರ್ಣ ಊಟದ ಜೊತೆಗೆ ಬೆಳಿಗ್ಗೆ, ಸಂಜೆ ಸ್ವಲ್ಪ ಆಹಾರಕ್ಕೆ ಅವಕಾಶವುಂಟು. ರೋಗಿಗಳನ್ನು ಈ ನಿಯಮ ಕಟ್ಟಿಹಾಕುವುದಿಲ್ಲ. ಸೂಕ್ತ ಕಾರಣವಿದ್ದರೆ ಧರ್ಮಕೇಂದ್ರದ ಗುರುಗಳು ಉಪವಾಸಕ್ಕೆ ಬದಲಾಗಿ ಬೇರೊಂದು ಸತ್ಕಾರ್ಯವನ್ನು ಸೂಚಿಸಬಹುದೆಂದು 1983ರ ಧರ್ಮಸಭೆಯ ಕಾನೂನು ಹೇಳುತ್ತದೆ. ದೇಹವನ್ನು ಕೆಡಿಸುವಷ್ಟು ಊಟ ಬಿಡುವುದು ಸದ್ಗುಣವಲ್ಲವೆಂಬುದು ಸಂತ ತೋಮಸ್ ಅಕ್ವಿನಾಸರ ನಿಲುವು.

ಹಾಗೆಂದು ನೋವುಳ್ಳವರಿಗೆ ಹೊಣೆಯೇ ಇಲ್ಲವೆಂದಲ್ಲ. ಏನು ತಿಂದಾಗ, ಎಷ್ಟು ಹಸಿದಾಗ, ಎಷ್ಟು ನಿದ್ದೆಗೆಟ್ಟಾಗ ನೋವು ಬಂತೆಂದು ಒಂದು ಪುಸ್ತಕದಲ್ಲಿ ಬರೆದಿಟ್ಟು ವೈದ್ಯರಿಗೆ ತೋರಿಸಲಿ. ಪದೇಪದೇ ನುಂಗುವ ನೋವಿನ ಮಾತ್ರೆಯೇ ತಲೆನೋವು ತರಬಲ್ಲದೆಂಬುದನ್ನು ಅರಿಯಲಿ. ತನಗೆ ಆಗದೆಂದು ಖಚಿತವಾದದ್ದನ್ನು ಬಿಡುವುದು ದೇವರು ಕೊಟ್ಟ ದೇಹಕ್ಕೆ ತೋರುವ ಗೌರವ.

ಮನೆಯವರಿಗೂ ಹೊಣೆಯುಂಟು. ಎಲ್ಲರಿಗೂ ಬಡಿಸಿ, ಪಾತ್ರೆಯ ತಳದಲ್ಲಿ ಉಳಿದದ್ದನ್ನು ಹೊತ್ತು ಮೀರಿ ಉಣ್ಣುವ ತಾಯಿಗೆ ವರ್ಷವೆಲ್ಲ ತಪಸ್ಸುಕಾಲವೇ. ಆಕೆಯನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿ ನಾವು ಬಡಿಸೋಣ. ಆಕೆ ಉಣ್ಣುವವರೆಗೆ ನಾವು ಕಾಯುವುದೂ ದೇವರಿಗೆ ಮೆಚ್ಚುಗೆಯಾಗುವ ಉಪವಾಸವೇ.