ಬಲ್ಲೆ ಎನ್ನುವ ಮಾತು

ಆಳಾಗಬಲ್ಲವನು ಅರಸಾಗಬಲ್ಲ.

ಈ ಗಾದೆಯನ್ನು ನಾನು ಮೊದಲು ಕೇಳಿದ್ದು ಬೈಗುಳದ ಜೊತೆಯಲ್ಲಿ. ಕೊಟ್ಟಿಗೆ ಗುಡಿಸು ಎಂದಾಗ ಮುಖ ಸಿಂಡರಿಸಿದರೆ ಅಜ್ಜಿಯ ಬಾಯಿಂದ ಇದು ಬರುತ್ತಿತ್ತು. ಹಾಗಾಗಿ ಮೈಗಳ್ಳರಿಗೆ ಹೇಳುವ ಬುದ್ಧಿಮಾತು ಇದು, ತಗ್ಗಿ ನಡೆಯುವುದನ್ನು ಕಲಿಸುವ ಮಾತು ಎಂದೇ ಬಹುಕಾಲ ತಿಳಿದಿದ್ದೆ. ಶಾಲೆಯಲ್ಲಿ ಗಾದೆ ವಿಸ್ತರಿಸಿ ಬರೆಯಿರಿ ಎಂದಾಗಲೂ ವಿನಯ, ದುಡಿಮೆ ಎಂದು ಒಂದು ಪುಟ ತುಂಬಿಸಿ ಅಂಕ ತೆಗೆದುಕೊಂಡೆ. ಈಗ ಓದಿದರೆ ಇದು ಅಂಜಿದವರಿಗಾಗಿ ಹುಟ್ಟಿದ ಗಾದೆ ಅನ್ನಿಸುತ್ತದೆ. ‘ನನ್ನಿಂದ ಎಲ್ಲಿ ಆಗುತ್ತದೆ’ ಎಂದು ಹಿಂದೆ ಸರಿದು ನಿಂತವರಿಗೆ ಯಾರೋ ಹಿರಿಯರು ಕೊಟ್ಟ ಉತ್ತರ.

ಓದುವಾಗ ಕಣ್ಣು ಆಳು, ಅರಸು ಎಂಬ ಜೋಡಿಯ ಮೇಲೆ ನಿಲ್ಲುತ್ತದೆ. ಆದರೆ ಭಾರ ಹೊತ್ತಿರುವುದು ಎರಡು ಸಲ ಬರುವ ‘ಬಲ್ಲ’. ಅವಳು ಸಂಗೀತ ಬಲ್ಲಳು ಎಂದರೆ ತಿಳಿದವಳು. ಅವಳು ಈ ಹೊಳೆ ದಾಟಬಲ್ಲಳು ಎಂದರೆ ಅವಳಿಂದ ಆಗುತ್ತದೆ. ತಿಳಿವಿಗೂ ಕಸುವಿಗೂ ನಮ್ಮ ಭಾಷೆ ಒಂದೇ ಮಾತು ಇಟ್ಟುಕೊಂಡಿದೆ. ತಮಿಳಿನ ‘ವಲ್ಲವನ್’ ಇದೇ ಬೇರಿನದು. ಅಲ್ಲಿ ಸಮರ್ಥ ಎಂಬ ಅರ್ಥ ಮುಂದೆ ನಿಂತಿದೆ, ನಮ್ಮಲ್ಲಿ ಎರಡೂ ಜೊತೆಯಾಗಿ ಉಳಿದಿವೆ. ಅಂಜಿದವನ ಎದೆಯಲ್ಲಿ ಏಳುವ ಪ್ರಶ್ನೆ ‘ಮಾಡಬಲ್ಲೆನೇ?’ ಎಂಬುದು. ಅದಕ್ಕೆ ‘ಆಗುತ್ತೆ ಹೋಗು’ ಎಂದು ಬೆನ್ನು ತಟ್ಟಿ ಕಳಿಸಿದರೆ ಆ ಧೈರ್ಯ ಬೀದಿಯ ತಿರುವಿನವರೆಗೆ ಬರುತ್ತದೆ, ಅಷ್ಟೆ. ಗಾದೆ ಆ ಪ್ರಶ್ನೆಯನ್ನೇ ತಿರುಗಿಸುತ್ತದೆ: ‘ಇದನ್ನು ಬಲ್ಲೆಯಾ? ಬಲ್ಲದಿದ್ದರೆ ಆ ಕೆಲಸದ ಆಳಾಗಿ ನಿಂತು ತಿಳಿ. ತಿಳಿದಷ್ಟೂ ಅಂಜಿಕೆ ಸವೆಯುತ್ತದೆ.’

‘ಆಳು’ ಎಂಬ ಮಾತೂ ಸುಮ್ಮನೆ ಬಂದದ್ದಲ್ಲ. ಕೂಲಿಯವನೂ ಆಳು, ನಾಡನ್ನು ಆಳು ಎಂದರೆ ಅದೇ ಸದ್ದಿನಲ್ಲಿ ದೊರೆತನ. ತಮಿಳಿನಲ್ಲಿಯೂ ಹೀಗೆಯೇ. ಗಾದೆ ಕಟ್ಟಿದವರ ಕಿವಿಗೆ ಈ ಎರಡು ಆಳುಗಳ ನಂಟು ಕೇಳಿಸಿರಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಈ ಗಾದೆಯನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಹೋಗುವುದು ಕೊಯಮತ್ತೂರು, ತಿರುಪ್ಪೂರು ಸೀಮೆಗೆ. 1799ರಲ್ಲಿ ಶ್ರೀರಂಗಪಟ್ಟಣ ಬೀಳುವವರೆಗೆ ಅದು ಮೈಸೂರಿಗೆ ಸೇರಿದ ನಾಡು. ಇವತ್ತಿಗೂ ಅಲ್ಲಿಯ ದೇವಾಂಗರ, ಒಕ್ಕಲಿಗರ, ಅನುಪ್ಪರ ಎಷ್ಟೋ ಮನೆಗಳೊಳಗೆ ಒಂದು ಹಳೆಯ ಕನ್ನಡ ತಮಿಳಿನ ಜೊತೆ ಕಲೆತು ಬದುಕಿದೆ. ಅದಿಲ್ಲದಿದ್ದರೂ ಆ ಸೀಮೆ ನಮಗೆ ಹೊರಗಿನದಲ್ಲ. ನಮ್ಮ ಅಡುಗೆಮನೆಯಲ್ಲಿ ಇಡ್ಲಿ ಹಿಟ್ಟು ರುಬ್ಬುವ ಗ್ರೈಂಡರ್, ತೋಟದ ಬಾವಿಗೆ ಇಳಿಸಿದ ಪಂಪ್‌ಸೆಟ್, ಅಂಗಿಯೊಳಗಿನ ಬನಿಯನ್ನು, ಹೆಚ್ಚಿನವು ಅಲ್ಲಿಂದಲೇ ಬಂದವು. ಇವನ್ನು ಮಾಡಲು ಶುರುಮಾಡಿದವರಲ್ಲಿ ಹಲವರು ಓದಿ ಇಂಜಿನಿಯರ್ ಆದವರಲ್ಲ, ಆಳಾಗಿ ನಿಂತು ಕಲಿತವರು.

ಅವರಲ್ಲಿ ಮೊದಲು ನೆನೆಯಬೇಕಾದವರು ಜಿ.ಡಿ. ನಾಯ್ಡು. 1893ರಲ್ಲಿ ಕೊಯಮತ್ತೂರಿನ ಹತ್ತಿರದ ಕಲಂಗಲ್ ಎಂಬ ಹಳ್ಳಿಯಲ್ಲಿ ಹುಟ್ಟಿದವರು. ಶಾಲೆ ಅವರಿಗೆ ಒಗ್ಗಲಿಲ್ಲ. ಹರೆಯದಲ್ಲಿ ಒಬ್ಬ ಬ್ರಿಟಿಷ್ ಅಧಿಕಾರಿಯ ರಡ್ಜ್ ಮೋಟಾರ್‌ಸೈಕಲ್ ಕಂಡರು. ಎತ್ತು ಕುದುರೆ ಇಲ್ಲದೆ ಓಡುವ ಗಾಡಿ. ಅದನ್ನು ಕಂಡ ಹಳ್ಳಿಗರಲ್ಲಿ ಕೆಲವರು ಬೆರಗಾಗಿರಬೇಕು, ಕೆಲವರು ಹೆದರಿರಬೇಕು. ಈ ಹುಡುಗನಿಗೆ ಅದು ತನಗೆ ಬೇಕು ಅನ್ನಿಸಿತು. ಕೊಯಮತ್ತೂರಿಗೆ ಹೋಗಿ ಹೋಟೆಲಿನಲ್ಲಿ ಮಾಣಿಯಾದರು. ಎಲೆ ಎತ್ತಿ, ಮೇಜು ಒರೆಸಿ, ಕಾಸಿಗೆ ಕಾಸು ಕೂಡಿಸಿ ಅದೇ ಗಾಡಿಯನ್ನು ಕೊಂಡರು.

ಇಲ್ಲಿಯವರೆಗೆ ಇದು ಛಲದ ಕಥೆ. ನನಗೆ ಮುಖ್ಯವಾಗಿ ಕಾಣುವುದು ಮುಂದಿನ ನಡೆ. ಅಷ್ಟು ಕಷ್ಟಪಟ್ಟು ಕೊಂಡ ಗಾಡಿಯ ಮೇಲೆ ಊರೆಲ್ಲ ಮೆರೆಯಬಹುದಿತ್ತು. ಅವರು ಅದನ್ನು ಬಿಚ್ಚಿ ಹಾಕಿದರು. ಒಂದೊಂದು ತಿರುಪು, ಒಂದೊಂದು ಚಕ್ರ ಕಳಚಿ ನೋಡಿ ಮತ್ತೆ ಜೋಡಿಸಿದರು. ನಮ್ಮಲ್ಲಿ ಎಷ್ಟು ಜನ ಹೀಗೆ ಮಾಡುತ್ತೇವೆ? ಬಿಚ್ಚಿದರೆ ಹಾಳಾದೀತು ಎಂಬ ಭಯವೇ ನಮ್ಮನ್ನು ಜೀವನಪೂರ್ತಿ ಯಂತ್ರದ ಹೊರಗೆ ನಿಲ್ಲಿಸುತ್ತದೆ. ಬರಿಯ ಯಂತ್ರದ ಮಾತಲ್ಲ ಇದು. ಹಾಡು, ಬರವಣಿಗೆ, ವ್ಯಾಪಾರ, ಹೊಸ ಭಾಷೆ, ಎಲ್ಲದರ ಎದುರೂ ನಾವು ಕೈಕಟ್ಟಿ ನಿಂತು ‘ನನಗೆ ಬಾರದು’ ಎನ್ನುತ್ತೇವೆ. ನಾಯ್ಡು ಅವರು ಬಾರದ್ದನ್ನು ನೆಲದ ಮೇಲೆ ಹರವಿ ಅದರ ನಡುವೆ ಕೂತರು.

ಮುಂದಿನ ದಾರಿ ನೇರವಾಗಿರಲಿಲ್ಲ. ತಿರುಪ್ಪೂರಿನಲ್ಲಿ ಹತ್ತಿ ವ್ಯಾಪಾರ ಮಾಡಿ ಹಣ ಗಳಿಸಿದರು, ಮುಂಬೈಯ ಹತ್ತಿ ಪೇಟೆಗೆ ಹೋಗಿ ಅದನ್ನು ಕಳೆದುಕೊಂಡರು. ಬರಿಗೈಯಲ್ಲಿ ಹಿಂದಿರುಗಿ ಕೊಯಮತ್ತೂರಿನ ಉದ್ಯಮಿ ರಾಬರ್ಟ್ ಸ್ಟೇನ್ಸ್ ಅವರ ಬಳಿ ಕೆಲಸಕ್ಕೆ ಸೇರಿದರು. ಗಾದೆಯ ಮೊದಲರ್ಧದ ಬೆಲೆ ತಿಳಿಯುವುದು ಇಂಥ ಕಡೆ. ಒಮ್ಮೆ ಅರಸಾದವನು ಸೋತು ಮತ್ತೆ ಆಳಾಗುವುದಿದೆಯಲ್ಲ, ಅದು ಮೊದಲ ಸಲ ಆಳಾಗುವುದಕ್ಕಿಂತ ಕಷ್ಟ. ಊರವರೆಲ್ಲ ನೋಡುತ್ತಿರುತ್ತಾರೆ. ಸ್ಟೇನ್ಸ್ ಅವರ ನೆರವಿನಿಂದ ಒಂದು ಬಸ್ಸು ಕೊಂಡು 1920ರಲ್ಲಿ ಪೊಳ್ಳಾಚಿಯಿಂದ ಪಳನಿಗೆ ತಾವೇ ಓಡಿಸಿದರು. ಆ ಒಂದು ಬಸ್ಸು ಬೆಳೆದು ಯು.ಎಂ.ಎಸ್. ಎಂಬ ಬಸ್ ಕಂಪನಿಯಾಯಿತು. 1930ರ ದಶಕದ ಮೊದಲಲ್ಲಿ ಪೈಕಾರಾ ಜಲವಿದ್ಯುತ್ ಯೋಜನೆಯ ವಿದ್ಯುತ್ತು ಆ ಸೀಮೆಗೆ ಬಂತು. ಗಿರಣಿಗೂ ಬಾವಿಗೂ ಮೋಟಾರು ಬೇಕಾಯಿತು. 1937ರಲ್ಲಿ ಡಿ. ಬಾಲಸುಂದರಂ ನಾಯ್ಡು ಅವರ ಜೊತೆಗೂಡಿ ತಯಾರಿಸಿದ ವಿದ್ಯುತ್ ಮೋಟಾರು ದೇಶದಲ್ಲೇ ಮೊದಲಿನದು ಎಂದು ಹೆಸರಾಗಿದೆ. ನಮ್ಮ ತೋಟಗಳ ಪಂಪ್‌ಸೆಟ್ಟಿನ ವಂಶಾವಳಿ ಹಿಡಿದು ಹೋದರೆ ನೆಲದ ಮೇಲೆ ಬಿಚ್ಚಿಟ್ಟ ಆ ಮೋಟಾರ್‌ಸೈಕಲ್ಲಿನ ಹತ್ತಿರ ಬಂದು ನಿಲ್ಲುತ್ತೇವೆ.

1945ರಲ್ಲಿ ಕೊಯಮತ್ತೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ತೆರೆಯಲು ಕಾರಣರಾದಾಗಲೂ ಅವರು ಬಿಡದೆ ವಾದಿಸಿದ್ದು ಇದನ್ನೇ: ನಾಲ್ಕು ವರ್ಷ ಬೇಡ, ಎರಡು ವರ್ಷ ಸಾಕು, ಕೈಯಿಂದ ಕಲಿಯಲಿ. ಸರಕಾರ ಒಪ್ಪಲಿಲ್ಲ, ಅವರು ಹೊರಬಂದರು. ಎರಡು ವರ್ಷ ಸಾಕಾಗುತ್ತಿತ್ತು ಎಂದು ನಾನು ಹೇಳಲಾರೆ. ಆದರೆ ನಾಲ್ಕು ವರ್ಷ ಓದಿಯೂ ‘ನನ್ನಿಂದ ಆಗುತ್ತದೆಯೇ’ ಎಂದು ನಡುಗುವ ಮಕ್ಕಳನ್ನು ಕಂಡಾಗ ಅವರ ವಾದ ನೆನಪಾಗದೆ ಇರುವುದಿಲ್ಲ. ಪಾಪ, ಆ ಮಕ್ಕಳಿಗೆ ಯಂತ್ರವನ್ನು ಬಿಚ್ಚಲು ಯಾರೂ ಬಿಟ್ಟೇ ಇಲ್ಲ.

ಒಬ್ಬ ಅಸಾಮಾನ್ಯ ವ್ಯಕ್ತಿಯ ಕಥೆ ಹೇಳಿ ಗಾದೆ ನಿಜ ಎಂದುಬಿಡುವುದು ಸುಲಭ. ತಿರುಪ್ಪೂರಿನಲ್ಲಿ ಅದು ಒಂದು ಊರಿನ ಕಥೆಯಾಗಿ ಸಿಗುತ್ತದೆ. ಸಂಶೋಧಕ ಶರದ್ ಚಾರಿ ಅಲ್ಲಿ ವರ್ಷಗಟ್ಟಲೆ ಓಡಾಡಿ 2004ರಲ್ಲಿ ‘ಫ್ರೆಟರ್ನಲ್ ಕ್ಯಾಪಿಟಲ್’ ಎಂಬ ಪುಸ್ತಕ ಪ್ರಕಟಿಸಿದರು. ಅವರು ಕಂಡದ್ದು: ಬನಿಯನ್ ಕಂಪನಿಗಳ ಮಾಲೀಕರಲ್ಲಿ ಬಹಳ ಮಂದಿ ಹಿಂದೆ ಅಂಥದೇ ಕಂಪನಿಗಳಲ್ಲಿ ಕೂಲಿಯಾಳುಗಳಾಗಿದ್ದವರು, ಹೊಲ ಬಿಟ್ಟು ಬಂದ ಗೌಂಡರ್ ಮನೆತನದವರು. ಹೇಗೆ ಮೇಲೆ ಬಂದಿರಿ ಎಂದರೆ ಅವರ ಬಾಯಲ್ಲಿ ಒಂದೇ ಮಾತು, ‘ಉಳೈಪ್ಪು’. ಮೈಮುರಿದ ದುಡಿಮೆ ಎಂದು ಅದರ ಅರ್ಥ.

ಆ ದುಡಿಮೆಯ ಬುಡದಲ್ಲಿರುವವರು ‘ಕೈಮಡಿ’ಗಳು. ಟೈಲರಿನ ಪಕ್ಕದಲ್ಲಿ ನಿಂತು ಬಟ್ಟೆಯನ್ನು ಮಡಿಚಿ, ಹೊಲಿದದ್ದನ್ನು ಎಳೆದುಕೊಂಡು, ದಾರ ಕತ್ತರಿಸಿ ಕೊಡುವ ಹುಡುಗರು, ಹುಡುಗಿಯರು. ದಿನವಿಡೀ ಸೂಜಿಯ ಎದುರು ನಿಂತವರಿಗೆ ಹೊಲಿಗೆ ಕಣ್ಣಿನಿಂದಲೇ ಅರ್ಧ ಬಂದಿರುತ್ತದೆ. ಟೈಲರ್ ಊಟಕ್ಕೆ ಎದ್ದಾಗ ಚಿಂದಿ ಬಟ್ಟೆಯ ಮೇಲೆ ಒಂದು ಗೆರೆ ಹೊಲಿದು ನೋಡುವುದು. ಆಮೇಲೆ ಓವರ್‌ಲಾಕ್, ಫ್ಲ್ಯಾಟ್‌ಲಾಕ್, ಕಟಿಂಗ್, ಚೆಕಿಂಗ್. ಬಟ್ಟೆ ಎಲ್ಲಿ ಸುಕ್ಕುಗಟ್ಟುತ್ತದೆ, ಎಷ್ಟು ಮೀಟರಿಗೆ ಎಷ್ಟು ಪೀಸು, ಎಲ್ಲಿ ಪೋಲಾಗುತ್ತದೆ ಎಂಬುದೆಲ್ಲ ಬೆರಳಿಗೆ ಇಳಿದ ಮೇಲೆ ಎರಡು ಮಿಷನ್ನು ಹಾಕಿಕೊಂಡು ಜಾಬ್ ವರ್ಕ್ ತೆಗೆದುಕೊಳ್ಳುವಾಗ ಕೈ ನಡುಗಿದರೂ ಕೆಲಸ ನಿಲ್ಲುವುದಿಲ್ಲ. 1970ರ ದಶಕದ ಕೊನೆಗೆ ವಿದೇಶದ ವ್ಯಾಪಾರಿಗಳು ತಿರುಪ್ಪೂರಿಗೆ ಬರತೊಡಗಿದಾಗ ಭಾಷೆ ಬಾರದ, ವಿಮಾನ ಕಾಣದ ಜನ ಆರ್ಡರು ಹಿಡಿದರು. ಅವರಿಗೆ ಅಂಜಿಕೆ ಇರಲಿಲ್ಲ ಎಂದು ನಾನು ನಂಬುವುದಿಲ್ಲ. ಅಂಗಿಯನ್ನು ಬಲ್ಲೆವು ಎಂಬುದು ಮಾತ್ರ ಅವರಿಗೆ ಗೊತ್ತಿತ್ತು, ಉಳಿದದ್ದನ್ನು ದಾರಿಯಲ್ಲಿ ಕಲಿತರು.

ಇಷ್ಟು ಹೇಳಿ ನಿಲ್ಲಿಸಿದರೆ ಮೋಸವಾಗುತ್ತದೆ. ಗಾದೆ ‘ಬಲ್ಲವನು’ ಎನ್ನುತ್ತದೆ. ‘ಬಲ್ಲವಳು’ ಅಲ್ಲಿ ಇಲ್ಲ. ತಿರುಪ್ಪೂರಿನಲ್ಲಿಯೂ ಹೊಲಿಗೆ ಬಲ್ಲ ಹೆಂಗಸರು ಲೆಕ್ಕವಿಲ್ಲದಷ್ಟು, ಮಾಲೀಕರಾದವರು ಬೆರಳೆಣಿಕೆ. ಆ ಸೀಮೆಯ ನೂಲಿನ ಗಿರಣಿಗಳಲ್ಲಿ ‘ಸುಮಂಗಲಿ’ ಎಂಬ ಹೆಸರಿನ ಏರ್ಪಾಡು ನಡೆಯಿತು. ಹರೆಯದ ಹುಡುಗಿಯರನ್ನು ಸುಮಾರು ಮೂರು ವರ್ಷ ಹಾಸ್ಟೆಲಿನಲ್ಲಿ ಇಟ್ಟು ದುಡಿಸಿ, ಕೊನೆಗೆ ಮದುವೆಗೆಂದು ಒಂದು ಗಂಟು ಕೊಡುವ ಕರಾರು. ಹೊರಗೆ ಹೋಗಲು ಬಿಡದ ಕಡೆ ಆಳು ಅರಸಾಗುವ ದಾರಿ ಎಲ್ಲಿಯದು? ಇನ್ನು ಗೌಂಡರ್ ಹುಡುಗನಿಗೆ ಸೋತರೆ ಹಿಂದಿರುಗಲು ಒಂದಿಷ್ಟು ಹೊಲ, ಸಾಲ ಕೊಡಲು ನೆಂಟರು ಇದ್ದರು. ಒಡಿಶಾದಿಂದ, ಬಿಹಾರದಿಂದ ಬಂದು ಇವತ್ತು ಅದೇ ಮಿಷನ್ನಿನ ಮುಂದೆ ಕೂತ ಹುಡುಗನಿಗೆ ಅದಿಲ್ಲ. ಅವನಿಗೂ ಅದೇ ಗಾದೆ ಹೇಳಿ, ನೀನು ಅಂಜುಬುರುಕ ಎನ್ನುವುದು ಅನ್ಯಾಯ. ಅಂಜಿಕೆಯಲ್ಲಿ ಸ್ವಲ್ಪ ಭಾಗ ಎದೆಯೊಳಗಿನದು, ಉಳಿದದ್ದು ಸುತ್ತಲಿನ ಗೋಡೆಯದು. ಅರಸಾದವರು ಮರೆತದ್ದೂ ಇದೆ. ಬಣ್ಣದ ಕಾರ್ಖಾನೆಗಳ ನೀರಿನಿಂದ ನೊಯ್ಯಲ್ ಹೊಳೆ ಕೆಟ್ಟು, 2011ರಲ್ಲಿ ಮದ್ರಾಸ್ ಹೈಕೋರ್ಟು ಆ ಕಾರ್ಖಾನೆಗಳನ್ನು ಮುಚ್ಚಿಸಬೇಕಾಯಿತು. ಹೊಲದ ಆಳಾಗಿದ್ದವರಿಗೆ ಹೊಳೆಯ ನೀರಿನ ಬೆಲೆ ಗೊತ್ತಿರಲಿಲ್ಲವೇ?

ಅಂಜಿಕೆ ಎಂದೊಡನೆ ಕೊಯಮತ್ತೂರಿನವರು ಬೇರೊಂದನ್ನು ನೆನೆಯಬಹುದು. ವಿಜಯದಶಮಿಯಂದು ರಾಜಬೀದಿಯ ರಾಮಲಿಂಗ ಚೌಡೇಶ್ವರಿ ಗುಡಿಯ ಮೆರವಣಿಗೆಯಲ್ಲಿ ದೇವಾಂಗ ಯುವಕರು ಕತ್ತಿಯಿಂದ ತಮ್ಮ ಮೈಗೆ ತಾವೇ ಹೊಡೆದುಕೊಳ್ಳುತ್ತಾರೆ. ಅಲಗು ಸೇವೆ ಎಂದರೆ ನಮಗೂ ಗೊತ್ತು. ನೋಡುವವರ ಮೈ ಝುಮ್ಮೆನ್ನುವ ಎದೆಗಾರಿಕೆ ಅದು. ಆದರೆ ಆ ಎದೆಗಾರಿಕೆಗೆ ಜೊತೆಗಾರರಿದ್ದಾರೆ, ದೇವಿಯಿದ್ದಾಳೆ, ಊರೇ ಬೆನ್ನಿಗಿದೆ. ಊರು ಎದುರು ನಿಂತಾಗ ಬೇಕಾಗುವುದು ಇನ್ನೊಂದು ಬಗೆಯದು, ಮತ್ತು ಅದಕ್ಕೂ ಕೊಯಮತ್ತೂರಿನ ಒಬ್ಬ ನೇಕಾರನ ಮಗನ ಬಾಳೇ ಸಾಕ್ಷಿ.

ಅರುಣಾಚಲಂ ಮುರುಗಾನಂದಂ ಅವರ ಮನೆಯವರು ಕೈಮಗ್ಗದವರು. ಚಿಕ್ಕಂದಿನಲ್ಲೇ ತಂದೆ ರಸ್ತೆ ಅಪಘಾತದಲ್ಲಿ ತೀರಿಕೊಂಡರು, ತಾಯಿ ಹೊಲದ ಕೂಲಿಗೆ ಹೋದರು, ಮಗ 14ರ ವಯಸ್ಸಿಗೆ ಶಾಲೆ ಬಿಟ್ಟು ವೆಲ್ಡಿಂಗ್ ಕಲಿತರು. 1998ರಲ್ಲಿ ಮದುವೆ. ಹೆಂಡತಿ ಮುಟ್ಟಿನ ದಿನಗಳಲ್ಲಿ ಹಳೆ ಬಟ್ಟೆ ಬಳಸುವುದನ್ನು ಕಂಡು, ಅಗ್ಗದ ಪ್ಯಾಡು ಮಾಡಲು ಹೊರಟರು. ಹತ್ತಿಯಲ್ಲಿ ಮಾಡಿದ್ದು ಕೆಲಸ ಮಾಡಲಿಲ್ಲ. ಪರೀಕ್ಷಿಸಿ ಹೇಳಲು ಮನೆಯ ಹೆಂಗಸರು ನಾಚಿದರು. ಆಗ ಅವರು ಫುಟ್ಬಾಲಿನ ಬ್ಲಾಡರಿಗೆ ಆಡಿನ ರಕ್ತ ತುಂಬಿ, ಬಟ್ಟೆಯೊಳಗೆ ಕಟ್ಟಿಕೊಂಡು, ತಾವೇ ಪ್ಯಾಡು ಧರಿಸಿ ಸೈಕಲ್ಲು ತುಳಿದರು. ಆಳಾಗುವುದು ಎಂದರೆ ಏನೆಂದು ನನಗೆ ಪೂರ್ತಿ ತಿಳಿದದ್ದು ಇದನ್ನು ಓದಿದ ದಿನ. ತನ್ನದಲ್ಲದ ಮೈಯ ಕಷ್ಟಕ್ಕೂ ಒಬ್ಬ ಮನುಷ್ಯ ಆಳಾಗಬಹುದು. ಊರು ಅವರಿಗೆ ಹುಚ್ಚು ಎಂದಿತು, ದೆವ್ವ ಹಿಡಿದಿದೆ ಎಂದಿತು. ಹೆಂಡತಿ ಬಿಟ್ಟು ಹೋದರು, ತಾಯಿಯೂ ಹೋದರು. ತನ್ನ ಶಕ್ತಿಯ ಮೇಲಿನ ಅನುಮಾನವನ್ನು ಕೆಲಸ ಕಲಿತು ಕಳೆಯಬಹುದು. ನಾಲ್ಕು ಜನ ಏನೆಂದಾರು ಎಂಬ ಭಯಕ್ಕೆ ಕಲಿಕೆಯೂ ಮದ್ದಲ್ಲ. ಕೆಲಸದ ಮೇಲಿಟ್ಟ ಕಣ್ಣು ತೆಗೆಯದಿರುವುದು ಒಂದೇ ಅವರ ಕೈಯಲ್ಲಿತ್ತು.

ಮುಂದಿನದು ಎಲ್ಲರಿಗೂ ಗೊತ್ತು: 65,000 ರೂಪಾಯಿಯ ಯಂತ್ರ, 2006ರಲ್ಲಿ ಮದ್ರಾಸ್ ಐಐಟಿಯ ಮನ್ನಣೆ, ಹಿಂದಿರುಗಿದ ಹೆಂಡತಿ, 2016ರ ಪದ್ಮಶ್ರೀ. ನನಗೆ ಅದಕ್ಕಿಂತ ಹಿಂದಿನ ಒಂದು ಗಳಿಗೆ ಪ್ರಿಯ. ಕಂಪನಿಯವರ ಪ್ಯಾಡಿನೊಳಗೆ ಇರುವುದು ಏನೆಂದೇ ಅವರಿಗೆ ಗೊತ್ತಾಗಿರಲಿಲ್ಲ. ಇಂಗ್ಲಿಷಿನ ಕಾಗದಗಳಿಗೆ ಕಾಲೇಜಿನ ಮೇಷ್ಟರೊಬ್ಬರ ಸಹಾಯ ಪಡೆದು ವಿದೇಶದ ಕಂಪನಿಗಳಿಗೆ ಬರೆದರು, ಬಹಳ ಖರ್ಚು ಮಾಡಿ ಫೋನು ಮಾಡಿದರು. ಆ ಕಡೆಯವರು ಕೇಳಿದರು, ನಿಮ್ಮದು ಎಂಥ ಕಾರ್ಖಾನೆ? ಅದೆಷ್ಟು ಸಲ ಆ ಪ್ರಶ್ನೆಗೆ ತಡವರಿಸಿದರೋ. ಕೊನೆಗೆ, ನಾನು ಕೊಯಮತ್ತೂರಿನ ಒಬ್ಬ ಗಿರಣಿ ಮಾಲೀಕ, ಈ ವ್ಯಾಪಾರಕ್ಕೆ ಇಳಿಯಬೇಕೆಂದಿದ್ದೇನೆ, ಮಾದರಿ ಕಳಿಸಿ ಎಂದರು.

ಕೆಲವು ವಾರಗಳಾದ ಮೇಲೆ ಅಂಚೆಯಲ್ಲಿ ಗಟ್ಟಿ ಹಲಗೆಯಂಥ ತುಂಡುಗಳು ಬಂದವು. ಹತ್ತಿಯಲ್ಲ, ಮರದ ನಾರು. ಅದನ್ನು ತಿಳಿಯಲು ಎರಡು ವರ್ಷದ ಮೇಲೆ ಹಿಡಿದಿತ್ತು. ಗಿರಣಿಯಿಲ್ಲದ ಆ ವೆಲ್ಡರು ಅದನ್ನು ಪುಡಿಮಾಡುವ ಯಂತ್ರ ಕಟ್ಟಲು ಕೂತರು.