ಸೋಲು ಪಾಪವಲ್ಲ

ಸುಳ್ಳಾಡದಿದ್ದರೆ ಸತ್ಯವಂತರಾದೆವೆ? ನೆರೆಯವನಿಗೆ ತಿಳಿಯಬೇಕಾದುದನ್ನು ಮುಚ್ಚಿಟ್ಟು ಮೌನವಾಗಿರುವುದೂ ಸತ್ಯಕ್ಕೆ ಬಗೆಯುವ ಅಪಚಾರವಲ್ಲವೆ? ರಸಾಯನಶಾಸ್ತ್ರದ ವಿದ್ಯಾರ್ಥಿಗೆ ಈ ಪ್ರಶ್ನೆ ದಿನವೂ ಎದುರಾಗುತ್ತದೆ.

ಸಂಶೋಧನೆಯಲ್ಲಿ ಕೈಗೂಡಿದ ಪ್ರಯೋಗಗಳಿಗಿಂತ ಕೈಗೂಡದವೇ ಹೆಚ್ಚು. ಆದರೆ ಅಚ್ಚಾಗುವುದು ಬಹುಮಟ್ಟಿಗೆ ಗೆಲುವು ಮಾತ್ರ. ಸೋಲು ನೋಟ್‌ಪುಸ್ತಕದಲ್ಲೇ ಉಳಿಯುತ್ತದೆ. ಇನ್ನೊಂದು ಊರಿನ ವಿದ್ಯಾರ್ಥಿ ಅದೇ ಕಲ್ಲಿಗೆ ಮತ್ತೆ ಎಡವುತ್ತಾನೆ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜೀನ್-ಕ್ಲಾಡ್ ಬ್ರಾಡ್ಲಿ 2006ರಲ್ಲಿ ಇದಕ್ಕೊಂದು ಉತ್ತರ ಸೂಚಿಸಿದರು. ಅದೇ 'ತೆರೆದ ನೋಟ್‌ಪುಸ್ತಕ'ದ ವಿಜ್ಞಾನ. ಅವರ ವಿದ್ಯಾರ್ಥಿಗಳು ಮಲೇರಿಯಾ ಔಷಧಿಗಾಗಿ ನಡೆಸಿದ ಪ್ರಯೋಗಗಳನ್ನು, ವಿಫಲವಾದವುಗಳನ್ನೂ ಸೇರಿಸಿ, ಯಾರು ಬೇಕಾದರೂ ಓದುವಂತೆ ಅಂತರ್ಜಾಲದಲ್ಲಿ ಬರೆದಿಟ್ಟರು.

ನಮ್ಮ ದೇಶದಲ್ಲೂ ಇಂಥ ಯತ್ನ ನಡೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ, ಅಲ್ಲೇ ಕಲಿಸಿದ ಸಮೀರ್ ಬ್ರಹ್ಮಚಾರಿಯವರ ನೇತೃತ್ವದಲ್ಲಿ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯು 2008ರಲ್ಲಿ ಕ್ಷಯರೋಗದ ಮದ್ದಿಗಾಗಿ ಮುಕ್ತ ಸಂಶೋಧನಾ ಯೋಜನೆ ಆರಂಭಿಸಿತು. ನೂರಾರು ವಿದ್ಯಾರ್ಥಿಗಳು ಕೈಜೋಡಿಸಿ, ಕ್ಷಯದ ರೋಗಾಣುವಿನ ಸುಮಾರು 4,000 ವಂಶವಾಹಿಗಳ ಮಾಹಿತಿಯನ್ನು ಒಟ್ಟುಗೂಡಿಸಿದರು. ಕ್ಷಯ ನಮಗೆ ದೂರದ ಮಾತಲ್ಲ. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ತನ್ನ ಆರಂಭದ ವರ್ಷಗಳಲ್ಲೇ ಈ ರೋಗದ ಸಮೀಕ್ಷೆಗೆಂದು ನಮ್ಮ ತುಮಕೂರು ಜಿಲ್ಲೆಗೆ ಬಂದಿತ್ತು.

ಬಿಳಿಗೆರೆಯಿಂದ ತಿಪಟೂರಿನ ಕಾಲೇಜಿಗೆ ಹೋಗುವ ಮಗಳೊಬ್ಬಳು ಕೇಳಬಹುದು: "ಎಲ್ಲವನ್ನೂ ತೆರೆದಿಟ್ಟರೆ ನನ್ನ ಶ್ರಮವನ್ನು ಬಲ್ಲಿದರು ದೋಚುವುದಿಲ್ಲವೆ?" ಭಯ ನಿಜವಾದುದೇ. ದಿನಾಂಕಸಹಿತ ಬರೆದಿಟ್ಟ ಪುಟ ಅವಳ ಪರ ಸಾಕ್ಷಿ ನುಡಿಯಬಲ್ಲದಾದರೂ, ಪೇಟೆಂಟಿನ ಲಾಭ ಕೈತಪ್ಪಬಹುದು. ಆದುದರಿಂದ ಈ ತ್ಯಾಗವನ್ನು ಬಡ ವಿದ್ಯಾರ್ಥಿಯ ಹೆಗಲಿಗಷ್ಟೇ ಹೊರಿಸುವುದು ನ್ಯಾಯವಲ್ಲ; ಮೊದಲು ತೆರೆಯಬೇಕಾದುದು ಗುರುಗಳ, ಸಂಸ್ಥೆಗಳ ಪುಸ್ತಕ.

ಆದರೂ ಮುಚ್ಚಿಡುವುದರ ಬೆಲೆಯನ್ನು ನಮ್ಮ ಸೀಮೆಯವರು ಬಲ್ಲರು. ಉಂಡೆ ಕೊಬ್ಬರಿಗಾಗಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯ ಒಳಗೇನಿದೆ ಎಂಬುದು ಸುಲಿದು ಚಿಪ್ಪು ಒಡೆದಾಗಲೇ ತಿಳಿಯುವುದು. ಕೆಟ್ಟದ್ದು ಬಂದರೆ ಅದು ರೈತನ ತಪ್ಪಲ್ಲ. ಆದರೆ ಅದನ್ನು ಚೀಲದ ನಡುವೆ ಸೇರಿಸಿ ಮಾರಿದರೆ ನಷ್ಟ ಕೊಂಡವನದು, ತಪ್ಪು ಮಾರಿದವನದು. ಅಡಗಿಸಿಟ್ಟ ಸೋಲಿನ ಬೆಲೆಯನ್ನೂ ಹೀಗೆಯೇ ಇನ್ನೊಬ್ಬನು ತೆರುತ್ತಾನೆ.

ಸತ್ಯವನ್ನು ನಡೆಸುವವನು ಬೆಳಕಿಗೆ ಬರಲು ಅಂಜುವುದಿಲ್ಲವೆಂದು ಪ್ರಭು ಯೇಸು ಇರುಳಲ್ಲಿ ಬಂದ ನಿಕೊದೇಮನಿಗೆ ತಿಳಿಸಿದರು. ಪಾಪನಿವೇದನೆಗೆ ಧರ್ಮಸಭೆ ಗೋಪ್ಯತೆಯ ಆಶ್ರಯ ನೀಡಿದೆ. ಅದು ಪಶ್ಚಾತ್ತಾಪಪಡುವವನ ಮೇಲಿನ ಕರುಣೆ. ಆದರೆ ಪ್ರಾಮಾಣಿಕವಾಗಿ ಯತ್ನಿಸಿ ಸೋತದ್ದು ಪಾಪವಲ್ಲ, ಅದಕ್ಕೆ ಮರೆ ಬೇಕಿಲ್ಲ. ಸೋಲನ್ನು ಪಾಪದಂತೆ ಬಚ್ಚಿಡುವ ಪಾಠವನ್ನು ಮಕ್ಕಳು ಪ್ರಯೋಗಶಾಲೆಗೆ ಹೋಗುವ ಮುನ್ನವೇ, ಅಂಕಪಟ್ಟಿ ಹಿಡಿದು ಮನೆಗೆ ಬಂದ ದಿನವೇ ಕಲಿಯುತ್ತಾರೆ. ಆ ದಿನ "ಎಷ್ಟು ಬಂತು?" ಎಂದು ಕೇಳುವ ನಾವು, "ಎಲ್ಲಿ ತಪ್ಪಿತು, ತೋರಿಸು ಮಗು" ಎಂದು ಪ್ರೀತಿಯಿಂದ ಕೇಳಬಾರದೇಕೆ?